ಹಕ್ಕಿಗೆ ಮಾರುವ ಜೋಳ

ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ಆಸ್ಪತ್ರೆಯ ಎದೆರೋಗ ವಿಭಾಗದ ಹಿರಿಯ ವೈದ್ಯರು. ಎರಡನೆಯವಳು ರೋಗಿಯ ಅತ್ತೆ. ವೈದ್ಯರು ಹಿಂದಿಯಲ್ಲಿ ಹೇಳಿದರು, ಅತ್ತೆ ಕಲಬುರಗಿ ಕಡೆಯ ಕನ್ನಡದಲ್ಲಿ ಹೇಳಿದಳು. ಅರ್ಥ ಒಂದೇ ಇತ್ತು.

"ಬೀದಿ ಅಂಗಡಿಯ ಸಾಮಾನಿನಿಂದ ಈ ತೂಕ ಏರುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ನೋಡಿಲ್ಲ," ಎಂದರು ವೈದ್ಯರು.

"ಬುತ್ತಿ ಕಟ್ಟಿಕೊಂಡು ಕೆಲಸಕ್ಕ ಹೋಗೂದು ಇನ್ನ ಆಕಿ ಹಣೀಬರದಾಗ ಇಲ್ಲ ಬಿಡ್ರಿ," ಎಂದಳು ಅತ್ತೆ.

ಸೊಸೆ ಅಲ್ಲೇ ಬೆಂಚಿನ ಮೇಲೆ ಮೂಗಿನ ತನಕ ಸೆರಗು ಸುತ್ತಿಕೊಂಡು ಕೂತಿದ್ದಳು. ಎರಡೂ ಮಾತು ಅವಳಿಗೆ ಕೇಳಿಸಿತು. ಅವಳು ನನ್ನ ಕಡೆ ನೋಡಿದಳು. ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವಳು, ಆಗುವುದಿಲ್ಲ ಎನ್ನದೆ ಉಳಿದವಳು ನಾನೊಬ್ಬಳೇ.

ನಾನು ಆಗ ಅಹಮದಾಬಾದಿನ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಪಥ್ಯತಜ್ಞೆ. ರೋಗಿ ಏನು ತಿನ್ನಬೇಕು ಎಂದು ಹೇಳುವುದು, ತಿಂದದ್ದು ಮೈಗೆ ಹತ್ತುತ್ತಿದೆಯೇ ಎಂದು ನೋಡುವುದು ನನ್ನ ಕೆಲಸ. ಈ ಹೆಣ್ಣುಮಗಳು ಊರಂಚಿನ ನರೋಡಾದ ಒಂದು ಬಣ್ಣದ ಪುಡಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಗಂಡ ಪಕ್ಕದ ಕಾರ್ಖಾನೆಯಲ್ಲಿ ವೆಲ್ಡಿಂಗ್ ಸಹಾಯಕ. ಅವಳಿಗೆ ಕ್ಷಯ ಬಂದು, ಮಾತ್ರೆ ಶುರುವಾಗಿ, ಮೊದಲ ಹಂತ ಮುಗಿದು, ಕಫದ ಪರೀಕ್ಷೆಯೂ ಶುದ್ಧ ಬಂದಿತ್ತು. ರೋಗ ಸೋಲುತ್ತಿತ್ತು. ಆದರೆ ಮೈ ಏಳುತ್ತಿರಲಿಲ್ಲ. ತೂಕದ ಯಂತ್ರದ ಮುಳ್ಳು ಮೊದಲ ದಿನ ನಿಂತಲ್ಲೇ ನಿಂತಿತ್ತು.

ಕಾರ್ಖಾನೆಯ ಗುತ್ತಿಗೆದಾರ ಅವಳ ಜಾಗವನ್ನು ಹೋಳಿ ಹಬ್ಬದ ತನಕ ಹಿಡಿದಿಡುವುದಾಗಿ ಹೇಳಿದ್ದ. ಕೆಲಸಕ್ಕೆ ಯೋಗ್ಯಳು ಎಂಬ ವೈದ್ಯರ ಪ್ರಮಾಣಪತ್ರ ಇಲ್ಲದೆ ಗೇಟು ದಾಟುವಂತಿಲ್ಲ. ವೈದ್ಯರದೂ ತಪ್ಪಿರಲಿಲ್ಲ. "ಈ ಮೈಯಲ್ಲಿ ಮೂಟೆ ಎತ್ತಲು ನಾನು ಸಹಿ ಹಾಕಿದರೆ, ಆರು ತಿಂಗಳಲ್ಲಿ ಅವಳು ಇದೇ ಬೆಂಚಿಗೆ ಬರುತ್ತಾಳೆ," ಎಂದಿದ್ದರು. ಸಹಿ ಸಿಗದಿದ್ದರೆ ಹೋಳಿಯ ಮರುದಿನ ಹೆಂಡತಿಯನ್ನೂ ತಾಯಿಯನ್ನೂ ಊರಿಗೆ ಕಳಿಸುವುದೆಂದು ಗಂಡ ಗಟ್ಟಿ ಮಾಡಿದ್ದ. ಊರಿಗೆ ಹೋದರೆ ಅವಳು ಮತ್ತೆ ಕಂಡವರ ಹೊಲದ ಕೂಲಿ. ಇಲ್ಲಿ ಅವಳ ಹೆಸರಿನದೊಂದು ಗೇಟ್ ಪಾಸ್ ಇತ್ತು, ಅದರ ಮೇಲೆ ಅವಳ ಫೋಟೋ ಇತ್ತು. ಮಾತ್ರೆ ತೆಗೆದುಕೊಳ್ಳಲು ಬಂದಾಗಲೂ ಅದನ್ನು ಕೊರಳಿಗೆ ಹಾಕಿಕೊಂಡೇ ಬರುತ್ತಿದ್ದಳು.

ವೈದ್ಯರ ಉಪಾಯ ಪೌಷ್ಟಿಕ ಪುಡಿಯ ಡಬ್ಬಿ. ದಾನಿಗಳು ಕೊಡುತ್ತಿದ್ದ ಡಬ್ಬಿಗಳು ಆ ವರ್ಷ ನಿಂತುಹೋಗಿದ್ದವು. ಗಂಡ ಒಂದನ್ನು ಹೇಗೋ ತಂದ, ಅದು ಮುಗಿಯಿತು, ಇನ್ನೊಂದು ತರಲಾಗಲಿಲ್ಲ.

"ಅವರ ಗಲ್ಲಿಯಲ್ಲಿ ಸಿಗುವುದರಲ್ಲೇ ಮಾಡಿ ತೋರಿಸುತ್ತೇನೆ ಸರ್," ಎಂದೆ. ಆಗಲೇ ವೈದ್ಯರು ಆಗುವುದಿಲ್ಲ ಎಂದದ್ದು.

ಮೊದಲು ಅವಳ ಮನೆಗೆ ಹೋದೆ. ಮನೆಯೆಂದರೆ ಮಾಲೀಕರ ಮನೆಯ ಹಿಂದೆ ಕಬ್ಬಿಣದ ಮೆಟ್ಟಿಲು ಹತ್ತಿದರೆ ಸಿಗುವ ಒಂದು ಕೋಣೆ. ನಾನು ಬರೆದುಕೊಟ್ಟ ಊಟದ ಕ್ರಮದಲ್ಲಿ ದಿನಕ್ಕೆರಡು ಮೊಟ್ಟೆ ಇತ್ತು. ತಿನ್ನುತ್ತಿದ್ದೀಯಾ ಎಂದು ಆಸ್ಪತ್ರೆಯಲ್ಲಿ ಕೇಳಿದಾಗಲೆಲ್ಲ ತಲೆ ಆಡಿಸುತ್ತಿದ್ದಳು.

"ಅಕ್ಕಾರ, ಮೊಟ್ಟಿ ಈ ಮನ್ಯಾಗ ನಡ್ಯಾಂಗಿಲ್ರಿ," ಎಂದಳು ಅಂದು, ದನಿ ತಗ್ಗಿಸಿ. "ತಂದ್ರ ಮಾಲಕರು ಖೋಲಿ ಬಿಡಸ್ತಾರ."

"ಮತ್ತ ಅಲ್ಲಿ ಹೂಂ ಹೂಂ ಅಂತಿದ್ದೆಲ್ಲ?"

"ನೀವು ಬರದು ಕೊಟ್ಟದ್ದು. ಇಲ್ಲ ಅಂತ ಹ್ಯಾಂಗ ಅನ್ಲಿ?"

ಊರಿನ ಇನ್ನೊಂದು ತುದಿಯ ಸ್ಯಾಟಲೈಟ್ ಬಡಾವಣೆಯಲ್ಲಿ ನಾನು ಇಬ್ಬರು ಗೆಳತಿಯರ ಜೊತೆ ಬಾಡಿಗೆಗಿದ್ದ ಫ್ಲ್ಯಾಟಿಗೂ ಅದೇ ಕರಾರು. ಸಂಜೆ ರಸ್ತೆ ಬದಿಯ ಗಾಡಿಯಲ್ಲಿ ಆಮ್ಲೆಟ್ ತಿಂದು, ಬಾಯಿ ತೊಳೆದು ಮನೆಗೆ ಹೋಗುವುದು ನಮಗೆಲ್ಲ ರೂಢಿಯಾಗಿತ್ತು. ಜ್ವರದಿಂದೆದ್ದ ಹೆಂಗಸು ಸಂಜೆಯ ಚಳಿಯಲ್ಲಿ ಆ ಗಾಡಿಯ ತನಕ ನಡೆಯಲಾರಳು. ಅವಳ ಊಟದ ಕ್ರಮದಿಂದ ಮೊಟ್ಟೆಯನ್ನು ಅಂದೇ ತೆಗೆದೆ.

ನಿಜವಾಗಿ ಅವಳು ತಿನ್ನುತ್ತಿದ್ದದ್ದು ಎರಡು ತೆಳ್ಳನೆಯ ಗೋಧಿ ರೋಟ್ಲಿ, ಮೂರು ಹೊತ್ತು ಚಹಾ. ಮಾತ್ರೆಗಳು ಹಸಿವನ್ನು ಕೊಂದಿದ್ದವು. ಗೋಧಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ರೊಟ್ಟಿ ಇದ್ದಿದ್ರ ತಿಂತಿದ್ದೆ ಅಕ್ಕಾರ. ಜ್ವಾಳದ್ದು."

ಅತ್ತೆ ಮೂಲೆಯಿಂದ, "ಇಲ್ಲೆಲ್ಲಿ ಜ್ವಾಳ? ಇದು ಗೋದಿ ನಾಡು," ಎಂದಳು. ಊರಿಂದ ಬಂದು ಮೂರು ತಿಂಗಳಾದರೂ ಆಕೆ ನೀರು ತುಂಬುವ ನಲ್ಲಿಯನ್ನು ದಾಟಿ ಹೋಗಿರಲಿಲ್ಲ. ಸಾಮಾನೆಲ್ಲ ಮಗ ತರುತ್ತಿದ್ದ, ಕಣ್ಣಿಗೆ ಬಿದ್ದದ್ದನ್ನು.

ನಾನು ವಿಜಯಪುರ ಜಿಲ್ಲೆಯವಳು. ವಡೋದರಾದಲ್ಲಿ ಓದುವಾಗ ಹಾಸ್ಟೆಲ್ಲಿನ ರೋಟ್ಲಿಯ ಮುಂದೆ ಕೂತು ರೊಟ್ಟಿಯ ನೆನಪಿಗೆ ಅತ್ತವಳು. ಅವಳು ಹೇಳಿದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಜೋಳ ಹುಡುಕಲು ಹೊರಟೆ.

ನಮ್ಮ ಫ್ಲ್ಯಾಟಿನ ಹತ್ತಿರ ಭಾನುವಾರ ಸಾವಯವ ರೈತರ ಸಂತೆ ನಡೆಯುತ್ತಿತ್ತು. ಅಲ್ಲಿ ಬಿಳಿಜೋಳ ಇತ್ತು, ಒಳ್ಳೆಯದೇ ಇತ್ತು, ಚಂದದ ಬಟ್ಟೆಯ ಚೀಲದಲ್ಲಿ ಹೊಲಿದು ಇಟ್ಟಿದ್ದರು. ಬೆಲೆ ಕೇಳಿ ಚೀಲವನ್ನು ಅಲ್ಲೇ ಇಟ್ಟೆ. ನಾನೊಮ್ಮೆ ಕೊಂಡುಕೊಟ್ಟೇನು. ಆ ಗಂಡ ವಾರವಾರವೂ ಕೊಳ್ಳಲಾರ. ಮತ್ತೆ ನರೋಡಾದಿಂದ ಅಲ್ಲಿಗೆ ಊರನ್ನೇ ಅಡ್ಡ ದಾಟಿ ಬರಬೇಕು.

ಆಮೇಲೆ ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಜೋಳ ಕಂಡಿತು. ಹಳೆಯದೊಂದು ಚಬೂತರೋ, ಅಂದರೆ ಕಂಬದ ಮೇಲೆ ಗೋಪುರದಂತೆ ಕಟ್ಟಿದ ಹಕ್ಕಿಮನೆ. ಅದರ ಎದುರಿಗೆ ಒಬ್ಬ ಮುದುಕರ ಪುಟ್ಟ ಕಿರಾಣಿ ಅಂಗಡಿ. ಅಂಗಡಿಯ ಬಾಗಿಲಲ್ಲೇ ಬಾಯಿ ತೆರೆದ ಜೋಳದ ಚೀಲ. ಬೆಲೆ ನಮ್ಮೂರಿಗಿಂತ ಅಗ್ಗ. ಆಟೋ ನಿಲ್ಲಿಸಿ ಇಳಿದು, "ಕಾಕಾ, ಜುವಾರ್ ಕೊಡಿ," ಎಂದೆ. ಅವರು ಮಾತಿಲ್ಲದೆ ತೂಗಿ ಸುರಿದುಕೊಟ್ಟರು. ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಕೂತಾಗ ಪರೀಕ್ಷೆ ಪಾಸಾದಷ್ಟು ಹಿಗ್ಗು. ಅಂದೇ ಅವಳ ಗಂಡನ ಕೈಯಲ್ಲಿ ಕಳಿಸಿದೆ, ಗಿರಣಿಯಲ್ಲಿ ಬೀಸಿಸಿಕೊಂಡು ಹೋಗು ಎಂದೆ.

ರೊಟ್ಟಿ ಹರಿಯುತ್ತವೆ ಎಂದು ಅತ್ತೆ ಹೇಳಿ ಕಳಿಸಿದಳು. ಬಿಸಿನೀರು ಹಾಕಿ ನಾದಲಿ ಎಂದು ನಾನು ಹೇಳಿ ಕಳಿಸಿದೆ. ಹರಿದ ರೊಟ್ಟಿಯನ್ನೇ ಸೊಸೆ ಆಸೆಯಿಂದ ತಿಂದಳು, ದಿನಾ ತಿಂದಳು. ವಾರ ತುಂಬುವುದರೊಳಗೆ ವಾಂತಿ, ಭೇದಿ. ಗಂಡ ಅವಳನ್ನು ಎತ್ತಿಕೊಂಡೇ ವಾರ್ಡಿಗೆ ತಂದ.

ಕ್ಷಯದ ಮಾತ್ರೆ ತಿನ್ನುವವರು ವಾಂತಿ ಮಾಡಿಕೊಂಡರೆ ಮೊದಲು ಸಂಶಯ ಯಕೃತ್ತಿನ ಮೇಲೆ. ವೈದ್ಯರು ಮಾತ್ರೆ ನಿಲ್ಲಿಸಿ ರಕ್ತಪರೀಕ್ಷೆಗೆ ಕಳಿಸಿದರು. ಮಾತ್ರೆ ನಿಂತಷ್ಟು ದಿನ ರೋಗಕ್ಕೆ ಬಿಡುವು ಸಿಕ್ಕಂತೆ. ವರದಿ ಬಂತು. ಯಕೃತ್ತು ಚೆನ್ನಾಗಿತ್ತು. ಹಾಗಾದರೆ ಕೆಟ್ಟದ್ದು ಊಟ.

"ಕೈಗಾಡಿಯಲ್ಲಿ ಸಿಕ್ಕಿದ್ದು ತಿನ್ನಿ ಅಂತ ಹೇಳುವುದಕ್ಕೆ ಡಿಗ್ರಿ ಬೇಕಾ?" ಎಂದು ಕೇಳಿದರು ವೈದ್ಯರು, ನರ್ಸುಗಳ ಎದುರಿಗೇ.

ನನ್ನ ಅವ್ವ ಕಾಯಿಪಲ್ಲೆ ಮಾರುವವಳು. ವಾರಕ್ಕೆ ಮೂರು ಊರಿನ ಸಂತೆ, ಉಳಿದ ದಿನ ಕೈಗಾಡಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಆ ಮೆಟ್ಟಿಲಿಗೆ ಕಳಿಸಿದ್ದು ಆ ಗಾಡಿ. ವೈದ್ಯರಿಗೆ ಅದು ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. "ಹಿಟ್ಟು ನೋಡಿ ಬರುತ್ತೇನೆ ಸರ್," ಎಂದಷ್ಟೇ ಹೇಳಿ ಹೊರಟೆ.

ಕೋಣೆಯಲ್ಲಿ ಉಳಿದಿದ್ದ ಹಿಟ್ಟನ್ನು ಅಂಗೈಗೆ ಹಾಕಿ ಮೂಸಿದೆ. ಮುಗ್ಗಿದ ವಾಸನೆ. ಚೀಲದ ತಳದಲ್ಲಿ ಬೀಸದೆ ಉಳಿದಿದ್ದ ಕಾಳುಗಳಲ್ಲಿ ತೂತು, ಜೊತೆಗೆ ಬೂದಿಯಂಥ ಧೂಳು. ಅದನ್ನೇ ಕಾಗದದಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋದೆ.

"ಬೆನ್, ಇದು ಪಾರಿವಾಳದ್ದು," ಎಂದರು ಮುದುಕರು, ನಾವು ತಂಗೀ ಎನ್ನುವ ಹಾಗೆ. "ಚಬೂತರೋಕ್ಕೆ ಹಾಕುವುದು."

"ನನಗೆ ಯಾಕೆ ಹೇಳಲಿಲ್ಲ ಕಾಕಾ?"

"ಬೆಳಿಗ್ಗೆ ಬೆಳಿಗ್ಗೆ ಬಂದಿರಿ, ಜುವಾರ್ ಅಂದಿರಿ. ಇಲ್ಲಿಗೆ ಬರುವವರೆಲ್ಲ ಹಕ್ಕಿಗೇ ಒಯ್ಯುವುದು. ಮನೆಗೆ ಅಂತ ನೀವೆಲ್ಲಿ ಹೇಳಿದಿರಿ?"

ಕಾಯಿಲೆಯವಳು ತಿಂದಳು ಎಂದು ಹೇಳಿದೆ. ಅವರು ಎದ್ದು ಬಂದು ಚೀಲದ ಬಾಯಿ ಮಡಚಿದರು, ಮತ್ತೆ ಬಿಚ್ಚಿ ಕೈ ಹಾಕಿ ನೋಡಿದರು. "ಹಕ್ಕಿಗೂ ಇದನ್ನು ಹಾಕಬಾರದಿತ್ತು," ಎಂದರು ತಮಗೆ ತಾವೇ.

ಅವರ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಕಡೆ ಜೋಳ ಯಾರಿಗೆ ಎಂದು ಯಾರೂ ಕೇಳುವುದಿಲ್ಲ, ಅದು ಮನುಷ್ಯರ ಊಟ. ಆ ಅಂಗಡಿಯಲ್ಲೂ ಕೇಳುವುದಿಲ್ಲ, ಅದು ಹಕ್ಕಿಯ ಪಾಲು. ನಾವಿಬ್ಬರೂ ನಮ್ಮ ನಮ್ಮ ಊರನ್ನು ನಂಬಿ ಸುಮ್ಮನಿದ್ದೆವು.

ಅಂದು ಆಸ್ಪತ್ರೆಗೆ ವಾಪಸಾಗುವಾಗ ಒಂದು ತೀರ್ಮಾನ ಮಾಡಿದೆ. ಅಷ್ಟು ದಿನ ನಾನು ಹೊರಗಿನಿಂದ ಆ ಕೋಣೆಗೆ ಸಾಮಾನು ಸಾಗಿಸುತ್ತಿದ್ದೆ. ಕೋಣೆಯೊಳಗೆ ಹುಟ್ಟಿದಾಗಿನಿಂದ ಜೋಳ ಹಿಡಿದ ಕೈಯೊಂದು ಸುಮ್ಮನೆ ಕೂತಿತ್ತು. ಇನ್ನು ಮುಂದೆ ಕೊಳ್ಳುವವಳು ಅತ್ತೆ. ನಾನು ಜೊತೆಗೆ ಹೋಗುವವಳು.

ವೈದ್ಯರಿಗೆ ಎಲ್ಲವನ್ನೂ ಹೇಳಿದೆ, ಹಕ್ಕಿಯ ಜೋಳವನ್ನೂ ಸೇರಿಸಿ. "ಹೋಳಿಯ ತನಕ ಬಿಡಿ ಸರ್. ಪ್ರತಿ ವಾರ ನಿಮ್ಮೆದುರು ತೂಗುತ್ತೇನೆ. ಇಳಿದರೆ ನಾನೇ ನಿಲ್ಲಿಸುತ್ತೇನೆ." ಅವರು ಅವಳ ಚೀಟಿ ಎಳೆದುಕೊಂಡರು. "ಒಂದು ಸಲ ವಾಂತಿಯಾದರೂ ಅದೇ ದಿನ ಇಲ್ಲಿಗೆ ತರಬೇಕು," ಎಂದು ಮಾತ್ರೆ ಮತ್ತೆ ಶುರು ಮಾಡಿಸಿದರು.

ಅತ್ತೆಯನ್ನು ಹೊರಡಿಸುವುದು ಇನ್ನೂ ಕಷ್ಟವಾಯಿತು.

"ನಂಗ್ಯಾಕ ಮಾರ್ಕೆಟ್ಟು? ಭಾಷಿ ಬರಾಂಗಿಲ್ಲ, ದಾರಿ ಗೊತ್ತಿಲ್ಲ."

"ಕಾಳು ಆರಸ್ಲಿಕ್ಕ ಭಾಷಿ ಯಾಕ ಬೇಕ್ರಿ ಯಮ್ಮ?"

"ನೀ ಕಲತಾಕಿ ಆರಿಸಿದ್ದು ನೋಡೀನಲ್ಲ," ಎಂದಳು. ತಿವಿತ ಸರಿಯಾದ ಜಾಗಕ್ಕೇ ತಾಗಿತು. ನಾನು ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಹತ್ತಿರ ಕಾಯುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಕೈಯಲ್ಲಿ ಚೀಲ ಹಿಡಿದು ಹೊರಗೆ ಬಂದಳು.

ನರೋಡಾದ ವಾರದ ಸಂತೆ ಹೆದ್ದಾರಿಗೆ ಹೊಂದಿಕೊಂಡ ಬಯಲಿನಲ್ಲಿ. ದೆಹಗಾಂ ಕಡೆಯ ಹಳ್ಳಿಗಳಿಂದ ಬೆಳೆದವರೇ ತಂದು ನೆಲಕ್ಕೆ ಹಾಸಿಕೊಂಡು ಕೂರುತ್ತಾರೆ, ಸುತ್ತ ಕೈಗಾಡಿಗಳು. ಅತ್ತೆ ನನ್ನ ಹಿಂದೆ ಒಂದು ಹೆಜ್ಜೆ ಬಿಟ್ಟು ಬಾಯಿ ಬಿಡದೆ ನಡೆದಳು. ಮೆಂತ್ಯ, ಪಾಲಕ್, ಹಸಿ ಬೆಳ್ಳುಳ್ಳಿ, ಅವರೆ. ಯಾವುದಕ್ಕೂ ನಿಲ್ಲಲಿಲ್ಲ. ಆಮೇಲೆ ಹಿಂದೆ ಹೆಜ್ಜೆಯ ಸದ್ದು ನಿಂತಿತು. ತಿರುಗಿ ನೋಡಿದರೆ ಆಕೆ ಒಂದು ಹಸಿರು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಯವ್ವಾ, ತೊಗರಿಕಾಯಿ."

ಕಲಬುರಗಿ ಸೀಮೆಯವಳಿಗೆ ತೊಗರಿ ಎಂದರೆ ಬರಿಯ ಬೇಳೆಯಲ್ಲ. ಒಂದು ಕಾಯಿ ಬಿಡಿಸಿ ಹಸಿ ಕಾಳನ್ನು ಬಾಯಿಗೆ ಹಾಕಿಕೊಂಡಳು. ಮಾರುತ್ತಿದ್ದ ಹೆಂಗಸು ನಗುತ್ತ ಒಂದು ಮುಷ್ಟಿ ಮುಂದೆ ಚಾಚಿದಳು. "ಚಾಖೋ ಬಾ, ಚಾಖೋ," ಎಂದಳು, ರುಚಿ ನೋಡಮ್ಮ ಎಂದು; ಅಲ್ಲಿ ಬಾ ಎಂದರೆ ಅಮ್ಮ.

"ಬಾ ಅಂತಾಳ," ಎಂದಳು ಅತ್ತೆ ನನಗೆ. "ಬಂದು ಕುಂತೇ ಬಿಟ್ಟೀನಿ, ಇನ್ನೆಲ್ಲಿಗಿ ಬರ್ಲಿ?"

ಅಷ್ಟು ದಿನದಲ್ಲಿ ಆಕೆಯ ಬಾಯಲ್ಲಿ ನಾನು ಕೇಳಿದ ಮೊದಲ ನಗೆಮಾತು ಅದು. ಅಲ್ಲಿಂದ ಮುಂದೆ ಆಕೆ ಮುಂದೆ, ನಾನು ಹಿಂದೆ. ಕನ್ನಡದಲ್ಲೇ ಚೌಕಾಶಿ, ಗುಜರಾತಿಯಲ್ಲೇ ಉತ್ತರ, ಕೈಸನ್ನೆಯಲ್ಲಿ ಒಪ್ಪಂದ. ನಾನು ಅಲ್ಲಲ್ಲಿ ತರ್ಜುಮೆಗೆ ಬಾಯಿ ಹಾಕಿದರೆ, "ಸುಮ್ಮನಿರು ತಂಗಿ, ರೇಟು ಕೆಡಸ್ತಿ," ಎಂದಳು.

ಜೋಳ ಕೊಳ್ಳುವಾಗ ನಾನು ಪಕ್ಕದಲ್ಲೇ ನಿಂತು ನೋಡಿದೆ. ಚೀಲದ ಮೇಲಿನ ಕಾಳನ್ನು ಮುಟ್ಟದೆ ಮೊಣಕೈ ತನಕ ಒಳಗೆ ತೂರಿಸಿ ತಳದ ಹಿಡಿ ತೆಗೆದಳು. ಮೂಸಿದಳು, ಒಂದು ಕಾಳು ಹಲ್ಲಿಗಿಟ್ಟು ಕಡಿದಳು. ಎರಡು ಕಡೆ ಬೇಡವೆಂದು ಎದ್ದಳು. ಮೂರನೆಯ ಕಡೆ ಕೂತಳು. ಒಂದೇ ವಾರಕ್ಕೆ ಸಾಕಾಗುವಷ್ಟು ಕೊಂಡೆವು. ಜೋಳದ ಹಿಟ್ಟು ಹಳತಾದರೆ ರೊಟ್ಟಿಗೆ ಜಿಗುಟು ಬರುವುದಿಲ್ಲ.

ಇಷ್ಟು ಸ್ವಲ್ಪ ಕಾಳಿಗೆ ಗಿರಣಿ ಚಾಲೂ ಮಾಡುವುದಿಲ್ಲ ಎಂದು ಗಿರಣಿಯವನು ತಗಾದೆ ತೆಗೆದ. ಕೆಳಗಿನ ಮನೆಯ ಮಾಲಕಿಗೆ ವಿಷಯ ಹೇಳಿದೆ. ಚಳಿಗಾಲದಲ್ಲಿ ಅವರ ಮನೆಯಲ್ಲೂ ಸಜ್ಜೆ ರೊಟ್ಟಿ. "ನಮ್ಮ ಬಾಜ್ರಿ ಜೊತೆಗೇ ಕಳಿಸುತ್ತೇನೆ. ಮೊಟ್ಟೆ ಒಂದು ಬೇಡ ಅಂದೆ ಬೆನ್, ಬದುಕುವುದು ಬೇಡ ಅಂದೆನಾ?" ಎಂದರು. ಸಜ್ಜೆಯ ಹಿಂದೆ ನಮ್ಮ ಜೋಳ ಬೀಸುವುದು ಹಾಗೆ ರೂಢಿಯಾಯಿತು.

ಊಟದ ಕ್ರಮವನ್ನು ಹೊಸದಾಗಿ ಕಟ್ಟಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ. ಒಂದು ತಾಸು ಬಿಟ್ಟು ಜೋಳದ ಅಂಬಲಿಗೆ ಮಜ್ಜಿಗೆ. ಮಧ್ಯಾಹ್ನ ರೊಟ್ಟಿ, ತೊಗರಿಕಾಳಿನ ಪಲ್ಯ, ಶೇಂಗಾ ಹಿಂಡಿ. ಇಳಿಹೊತ್ತಿಗೆ ಉಪ್ಪು ಹಾಕಿ ಬೇಯಿಸಿದ ತೊಗರಿಕಾಯಿ, ಇಲ್ಲವೇ ಪುಟಾಣಿ ಬೆಲ್ಲ. ರಾತ್ರಿ ಹೆಸರುಕಾಳಿನ ಉಸಳಿ, ಮಲಗುವಾಗ ಗಲ್ಲಿಯ ಡೇರಿಯ ಹಾಲು. ಅತ್ತೆಯ ರೊಟ್ಟಿಯ ಹಿಟ್ಟನ್ನೂ ಪಲ್ಯದ ಸೌಟನ್ನೂ ಆಸ್ಪತ್ರೆಯ ತಕ್ಕಡಿಯಲ್ಲಿ ತೂಗಿ ಲೆಕ್ಕ ಹಾಕಿದೆ. ಡಬ್ಬಿಯ ಪುಡಿ ದಿನಕ್ಕೆ ಕೊಡುವ ಪ್ರೋಟೀನು ತೊಗರಿ, ಹೆಸರು, ಶೇಂಗಾ ಮತ್ತು ಹಾಲಿನಲ್ಲಿ ಬಂದು ಇನ್ನೂ ಸ್ವಲ್ಪ ಮಿಗುತ್ತಿತ್ತು. ಶೇಂಗಾ ಅಂತೂ ಅಲ್ಲಿ ಯಾವ ಮೂಲೆಯ ಅಂಗಡಿಯಲ್ಲೂ ತಾಜಾ.

ಮೊದಲ ವಾರ ಮುಳ್ಳು ಅಲುಗಲಿಲ್ಲ. ಎರಡನೆಯ ವಾರವೂ ಇಲ್ಲ. ವೈದ್ಯರು ನೋಡಿ ಮುಂದಿನ ರೋಗಿಯ ಕಡೆ ಹೋದರು. ಮೂರನೆಯ ವಾರ ಸ್ವಲ್ಪ ಸರಿಯಿತು. ಎಷ್ಟು ಸ್ವಲ್ಪವೆಂದರೆ, ಸೆರಗಿನಲ್ಲಿ ಏನು ಕಟ್ಟಿಕೊಂಡಿದ್ದೀ ತೆಗೆದು ತೋರಿಸು ಎಂದು ನರ್ಸು ಅವಳನ್ನು ಕೇಳಿದಳು. ಕೊರಳಲ್ಲಿದ್ದ ಗೇಟ್ ಪಾಸನ್ನೂ ತೆಗೆದಿಟ್ಟು ಮತ್ತೆ ತೂಗಿದೆವು. ಸರಿದದ್ದು ನಿಜ.

ಸಂಕ್ರಾಂತಿಗೆ, ಉತ್ತರಾಯಣದ ಗಾಳಿಪಟದ ಹೊತ್ತಿಗೆ ಸಂತೆ ಬಂದಾಯಿತು, ಅವಳಿಗೆ ನೆಗಡಿ ಹತ್ತಿ ಕೆಮ್ಮು ಮರಳಿತು, ಮುಳ್ಳು ಹಿಂದಕ್ಕೆ ಬಂತು. ಕೆಮ್ಮು ಕೇಳಿ ಅತ್ತೆ ಊರಿಗೆ ಫೋನು ಮಾಡಿ ಅತ್ತಳು. ಮತ್ತೆ ಕಫ ಪರೀಕ್ಷೆ. ಶುದ್ಧ. ಬರಿಯ ನೆಗಡಿ. ಊಟದಿಂದ ಇಳಿದದ್ದಲ್ಲ ಎಂದು ವೈದ್ಯರು ಮುಂದುವರಿಸಲು ಬಿಟ್ಟರು. ಮಾಲಕಿ ಹಬ್ಬದ ಊಂಧಿಯು, ಗಡ್ಡೆ ಕಾಳುಗಳ ಆ ಎಣ್ಣೆ ಹೊಳೆಯುವ ಪಲ್ಯ, ಬಟ್ಟಲು ತುಂಬ ಮೇಲಕ್ಕೆ ಕಳಿಸಿದರು. ಅದನ್ನು ರೊಟ್ಟಿಗೆ ಹಚ್ಚಿಕೊಂಡು ಸೊಸೆ ಬಟ್ಟಲು ಬರಿದು ಮಾಡಿದಳು. ಇನ್ನೂ ಇದೆಯೇ ಎಂದು ಕೇಳಿದಳು. ತಾನಾಗಿ ಇನ್ನೂ ಎಂದು ಕೇಳಿದ್ದು ಅದೇ ಮೊದಲು. ಅತ್ತೆ ಅದನ್ನು ನನಗೆ ಹೇಳಲು ಮಗನ ಫೋನಿನಿಂದ ಕರೆ ಮಾಡಿದಳು.

ಹಸಿ ತೊಗರಿಯ ಕಾಲ ಮುಗಿಯುತ್ತ ಬಂದಾಗ ಹಸಿ ಕಡಲೆ ಬಂತು. ಅಷ್ಟರಲ್ಲಿ ಅತ್ತೆ ಒಬ್ಬಳೇ ಸಂತೆಗೆ ಹೋಗತೊಡಗಿದ್ದಳು. ಒಮ್ಮೆ ಮಾತ್ರ ನನ್ನನ್ನು ಕರೆದುಕೊಂಡು ಆ ಚಬೂತರೋ ಅಂಗಡಿಗೆ ಹೋದಳು, ಯಾವ ಅಂಗಡಿ ಎಂದು ನೋಡಬೇಕಂತೆ. ಮುದುಕರು ನನ್ನ ಗುರುತು ಹಿಡಿದು ಮೊದಲೇ ಕೇಳಿದರು, "ಹಕ್ಕಿಗಾ, ಮನೆಗಾ?" ಅತ್ತೆ ಚೀಲದ ತಳಕ್ಕೆ ಕೈ ಹಾಕಿ ಮೂಸಿದಳು. ಹೊಸ ಚೀಲ. "ಹಕ್ಕೀಗಿ ಅನ್ನು," ಎಂದಳು. ಒಂದು ಸೇರಿನಷ್ಟು ಕೊಂಡು ಚಬೂತರೋದ ಕೆಳಗೆ ಸುರಿದು ಕೈ ಮುಗಿದಳು.

ಹೋಳಿಯ ಹಿಂದಿನ ವಾರ ಕೊನೆಯ ತೂಕ. ವೈದ್ಯರು ನರ್ಸನ್ನು ಸರಿಸಿ ತಾವೇ ಯಂತ್ರದ ಮುಂದೆ ನಿಂತರು. ಚಪ್ಪಲಿ ಬಿಡಿಸಿದರು, ಶಾಲು ತೆಗೆಸಿದರು, ಇಳಿಸಿ ಮತ್ತೆ ಹತ್ತಿಸಿದರು. ಮುಳ್ಳು ಎರಡೂ ಸಲ ಅವರು ಬೇಕೆಂದ ಗೆರೆ ದಾಟಿ ನಿಂತಿತು. ಎರಡು ಮಹಡಿ ಮೆಟ್ಟಿಲು ಹತ್ತಿ ಬರಲು ಹೇಳಿದರು. ಹತ್ತಿ ಬಂದವಳ ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಮಾತ್ರೆಯ ಕೋರ್ಸು ಪೂರ್ತಿ ಮುಗಿಸಬೇಕು, ಬಣ್ಣದ ಪುಡಿಯ ಹತ್ತಿರ ಮುಖಗವಸು ಬಿಡಬಾರದು, ಮೊದಲ ತಿಂಗಳು ಮೂಟೆ ಎತ್ತಿಸಬಾರದು ಎಂದು ಒಂದೊಂದಾಗಿ ಹೇಳಿ ನನ್ನಿಂದ ಕನ್ನಡದಲ್ಲೂ ಹೇಳಿಸಿದರು.

ಆಮೇಲೆ ನನ್ನ ಕಡೆ ತಿರುಗಿ, "ಇಷ್ಟೆಲ್ಲ ಎಲ್ಲಿಂದ ತಂದಿರಿ?" ಎಂದು ಕೇಳಿದರು.

"ನರೋಡಾದ ಸಂತೆಯಿಂದ ಸರ್. ಕೈಗಾಡಿಗಳಿಂದ." ಅದರ ಜೊತೆಗೇ ಹೇಳಿದೆ, "ನನ್ನ ಅವ್ವನದೂ ಒಂದು ಕೈಗಾಡಿ ಇದೆ."

ಅವರು ಮೇಜಿಗೆ ಹೋಗಿ ಕೂತು ಪೆನ್ನು ತೆಗೆದರು. ಆಮೇಲೆ ಸಹಿ ಹಾಕಿ, ಮೊಹರು ಒತ್ತಿ, ಪ್ರಮಾಣಪತ್ರವನ್ನು ನನ್ನ ಕೈಗೆ ಕೊಡದೆ ಎದ್ದು ಹೋಗಿ ಅವಳ ಕೈಗೇ ಕೊಟ್ಟರು.

ಅವಳು ಅದನ್ನು ಗೇಟ್ ಪಾಸಿನ ಪಕ್ಕ ಎದೆಗೆ ಒತ್ತಿ ಹಿಡಿದಳು. ಹೊರಗೆ ಬಂದ ಮೇಲೆ ಅತ್ತೆ ಸೆರಗಿಗೆ ಕೈ ಒರಸಿಕೊಂಡು ಕಾಗದ ಇಸಿದುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದರಾಗ ರೊಟ್ಟಿ ಅಂತ ಎಲ್ಲಿರೆ ಬರದಾರೇನು ತಂಗಿ?"

"ಇಲ್ರಿ ಯಮ್ಮ."

"ಹೋಗ್ಲಿ ಬಿಡು," ಎಂದಳು, ಕಾಗದವನ್ನು ಸೊಸೆಯ ಕೈಗೆ ಮರಳಿ ಕೊಡುತ್ತ. "ನಡೀರಿ, ಗಿರಣಿ ಮುಚ್ಚೂದ್ರಾಗ ಹೋಗಬೇಕು. ಮುಂಜಾನಿಗಿ ಆಕಿ ಬುತ್ತಿಗಿ ಹಿಟ್ಟಿಲ್ಲ."